ಎಣ್ಣೆಗೆಷ್ಟು, ಹಿಂಡಿಗೆಷ್ಟು: ಜಂಟಿ ವೆಚ್ಚ ಹಂಚುವ ಲೆಕ್ಕ

ಮರದ ಗಾಣ ಇಟ್ಟುಕೊಂಡವರನ್ನು ‘ಒಂದು ಕಿಲೋ ಎಣ್ಣೆಗೆ ನಿಮಗೆ ಬೀಳುವ ಅಸಲು ಎಷ್ಟು?’ ಎಂದು ಕೇಳಿ ನೋಡಿ. ಬೀಜದ ರೇಟು ಹೇಳುತ್ತಾರೆ, ಕೂಲಿ ಹೇಳುತ್ತಾರೆ, ಕರೆಂಟ್ ಬಿಲ್ಲು ಹೇಳುತ್ತಾರೆ. ಆಮೇಲೆ ‘ಅದರಲ್ಲಿ ಹಿಂಡಿ ದುಡ್ಡು ಬೇರೆ ಕಳೀಬೇಕಲ್ಲ’ ಎಂದು ತಡವರಿಸುತ್ತಾರೆ. ತೊಡಕಿರುವುದು ಅಲ್ಲೇ. ಬೀಜ ಒಂದೇ, ಗಾಣ ಒಂದೇ, ಕೂಲಿಯೂ ಒಂದೇ. ಹೊರಗೆ ಬರುವ ಸರಕು ಮಾತ್ರ ಎರಡು. ಕೊಟ್ಟ ದುಡ್ಡಿನಲ್ಲಿ ಎಷ್ಟು ಭಾಗ ಎಣ್ಣೆಯದು, ಎಷ್ಟು ಭಾಗ ಹಿಂಡಿಯದು ಎಂದು ಯಾವ ತಕ್ಕಡಿಯೂ ಹೇಳುವುದಿಲ್ಲ.

ಲೆಕ್ಕಶಾಸ್ತ್ರ ಇದನ್ನು ಜಂಟಿ ವೆಚ್ಚ ಎನ್ನುತ್ತದೆ. ಒಂದೇ ಕಚ್ಚಾವಸ್ತುವಿನಿಂದ, ಒಂದೇ ಕೆಲಸದಲ್ಲಿ ಎರಡೋ ಮೂರೋ ಸರಕು ಒಟ್ಟಿಗೇ ಹುಟ್ಟಿದರೆ, ಅವು ಬೇರೆಯಾಗುವ ತನಕ ಆದ ಖರ್ಚೆಲ್ಲ ಜಂಟಿ. ಬೇರೆಯಾಗುವ ಜಾಗ ಬೇರ್ಪಡುವ ಹಂತ. ಅದರಾಚೆ ಎಣ್ಣೆಗೆಂದೇ ತಂದ ಬಾಟಲಿ, ಹಿಂಡಿಗೆಂದೇ ತಂದ ಚೀಲ ಆಯಾ ಸರಕಿನ ಸ್ವಂತ ಖರ್ಚು, ಅವುಗಳಲ್ಲಿ ಗೊಂದಲವಿಲ್ಲ. ಹಾಲಿನಿಂದ ಕೆನೆ ತೆಗೆಯುವ ಡೇರಿ, ಒಂದೇ ಲಾಟಿನ ಕಾಫಿಯನ್ನು ದರ್ಜೆವಾರು ಬೇರ್ಪಡಿಸುವ ಕ್ಯೂರಿಂಗ್ ವರ್ಕ್ಸ್, ಕಚ್ಚಾತೈಲ ಬಟ್ಟಿಯಿಳಿಸುವ ಮಂಗಳೂರಿನ ರಿಫೈನರಿ, ಎಲ್ಲ ಕಡೆಯೂ ಇದೇ ಪ್ರಶ್ನೆ. ಜಾನ್ ಸ್ಟುವರ್ಟ್ ಮಿಲ್ 1848ರಷ್ಟು ಹಿಂದೆಯೇ ಅರ್ಥಶಾಸ್ತ್ರದ ತನ್ನ ಗ್ರಂಥದಲ್ಲಿ ಕಲ್ಲಿದ್ದಲಿನಿಂದ ಒಟ್ಟಿಗೆ ಬರುವ ಅನಿಲ ಮತ್ತು ಕೋಕ್ ಉದಾಹರಣೆ ಕೊಟ್ಟು, ಇಂಥ ಸರಕುಗಳ ಒಟ್ಟು ಬೆಲೆಯನ್ನು ಮಾತ್ರ ವೆಚ್ಚ ನಿರ್ಧರಿಸಬಲ್ಲದು, ಒಂದೊಂದರ ಬೆಲೆಯನ್ನಲ್ಲ ಎಂದಿದ್ದ. ಆ ಮಾತನ್ನು ದಾಟಿ ಯಾರೂ ಹೆಚ್ಚು ದೂರ ಹೋಗಿಲ್ಲ. ನಾವು ಮಾಡುವ ಹಂಚಿಕೆ ಒಂದು ಒಪ್ಪಂದವೇ ಹೊರತು ಶೋಧನೆಯಲ್ಲ. ಆದರೂ ವರ್ಷದ ಕೊನೆಗೆ ಗೋದಾಮಿನಲ್ಲಿ ಉಳಿದ ಸರಕಿಗೆ ಬೆಲೆ ಕಟ್ಟಲೇಬೇಕು, ಲಾಭ ಎಷ್ಟೆಂದು ತೋರಿಸಲೇಬೇಕು. ಆದ್ದರಿಂದ ಒಪ್ಪಂದವನ್ನಾದರೂ ತರ್ಕಕ್ಕೆ ಒಪ್ಪುವಂತೆ ಮಾಡಿಕೊಳ್ಳಬೇಕು.

ಮೊದಲು ಒಂದು ಎಚ್ಚರಿಕೆ. ಸೋಮವಾರ ಕಡಲೆಬೀಜ, ಮಂಗಳವಾರ ಎಳ್ಳು, ಬುಧವಾರ ಕೊಬ್ಬರಿ ಅರೆಯುವ ಗಾಣದಲ್ಲಿ ಮಳಿಗೆ ಬಾಡಿಗೆ ಮೂರಕ್ಕೂ ಸೇರಿದ್ದು. ಅದು ಸಾಮಾನ್ಯ ವೆಚ್ಚ, ಜಂಟಿ ವೆಚ್ಚ ಅಲ್ಲ. ಎಳ್ಳು ಅರೆಯುವುದನ್ನು ನಾಳೆಯೇ ನಿಲ್ಲಿಸಬಹುದು, ಕಡಲೆ ಎಣ್ಣೆಗೆ ಏನೂ ಆಗುವುದಿಲ್ಲ. ಹಿಂಡಿ ಬಾರದ ಹಾಗೆ ಎಣ್ಣೆ ತೆಗೆಯಲು ಮಾತ್ರ ಆಗದು. ಸಾಮಾನ್ಯ ವೆಚ್ಚವನ್ನು ಗಾಣ ಓಡಿದ ಗಂಟೆಗಳ ಮೇಲೆ ಹಂಚಿದರೆ ಸಾಕು. ಮೊದಲು ಆ ಹಂಚಿಕೆ ಮುಗಿಸಿ, ಕಡಲೆಬೀಜದ ಪಾಲಿಗೆ ಬಂದ ಮೊತ್ತ ಇಷ್ಟು ಎಂದು ಬರೆದಿಟ್ಟು, ಆಮೇಲೆ ಎಣ್ಣೆ–ಹಿಂಡಿ ಲೆಕ್ಕಕ್ಕೆ ಕೂರಿ.

ಒಂದು ಟನ್ ಬೀಜದ ಲೆಕ್ಕ

ಈಗ ಅಂಕಿ ಹಾಕೋಣ. ದರಗಳು ಲೆಕ್ಕ ಸುಲಭವಾಗಲೆಂದು ಇಟ್ಟುಕೊಂಡವು, ಜಾಗದಿಂದ ಜಾಗಕ್ಕೆ ಬದಲಾಗುತ್ತವೆ. ನಿಮ್ಮ ಊರಿನ ದರ ತುಂಬಿಕೊಳ್ಳಿ.

ಸಾವಿರ ಕಿಲೋ ಕಡಲೆಬೀಜ, ಕಿಲೋಗೆ ₹110ರಂತೆ ₹1,10,000. ಹಸನು ಮಾಡುವುದು, ಕೂಲಿ, ವಿದ್ಯುತ್, ಬಾಡಿಗೆಯ ಪಾಲು ಸೇರಿ ₹22,000. ಒಟ್ಟು ಜಂಟಿ ವೆಚ್ಚ ₹1,32,000. ಹೊರಬಂದದ್ದು 400 ಕಿಲೋ ಎಣ್ಣೆ, 560 ಕಿಲೋ ಹಿಂಡಿ. ಉಳಿದ 40 ಕಿಲೋ ತೇವಾಂಶ, ಗಸಿ, ದೂಳಿನಲ್ಲಿ ಹೋಯಿತು. ಹೀಗೆ ಸಹಜವಾಗಿ ಹೋಗುವ ನಷ್ಟಕ್ಕೆ ಬೇರೆ ವೆಚ್ಚ ಕಟ್ಟಬೇಕಿಲ್ಲ, ಉಳಿದ ಸರಕೇ ಅದನ್ನು ಹೊರುತ್ತದೆ. ಡಬ್ಬ ಉರುಳಿ ಎಣ್ಣೆ ಚೆಲ್ಲಿಹೋದರೆ ಮಾತ್ರ ಅದು ಅಸಹಜ ನಷ್ಟ. ಅದನ್ನು ನೇರವಾಗಿ ಲಾಭ–ನಷ್ಟದ ಖಾತೆಗೆ ಹಾಕಿ, ಎಣ್ಣೆಯ ಅಸಲಿಗೆ ಸೇರಿಸಬೇಡಿ.

ಬಿಡಿ ಎಣ್ಣೆ ಗಾಣದ ಬಾಗಿಲಲ್ಲಿ ಕಿಲೋಗೆ ₹340, ಹಿಂಡಿ ₹40. ಎಣ್ಣೆಯಿಂದ ₹1,36,000, ಹಿಂಡಿಯಿಂದ ₹22,400, ಒಟ್ಟು ₹1,58,400. ವೆಚ್ಚ ಕಳೆದರೆ ಲಾಭ ₹26,400. ಇಲ್ಲಿಯವರೆಗೆ ಜಗಳವಿಲ್ಲ. ಈ ₹26,400ರಲ್ಲಿ ಯಾವುದರಿಂದ ಎಷ್ಟು ಎಂದು ಕೇಳಿದ ತಕ್ಷಣ ಜಗಳ ಶುರು.

ಬಹಳಷ್ಟು ಜನರಿಗೆ ಥಟ್ಟನೆ ಹೊಳೆಯುವ ಉತ್ತರ ತೂಕ. 960 ಕಿಲೋಗೆ ₹1,32,000 ಅಂದರೆ ಕಿಲೋಗೆ ₹137.50. ಎಣ್ಣೆಯ ಪಾಲು ₹55,000, ಹಿಂಡಿಯ ಪಾಲು ₹77,000. ಲೆಕ್ಕ ಅಚ್ಚುಕಟ್ಟು, ಫಲಿತಾಂಶ ನಗೆಪಾಟಲು: ಎಣ್ಣೆಯಲ್ಲಿ ₹81,000 ಲಾಭ, ಹಿಂಡಿಯಲ್ಲಿ ₹54,600 ನಷ್ಟ. ಈ ಹಾಳೆ ನೋಡಿದ ಹೊಸ ಮ್ಯಾನೇಜರ್ ‘ಹಿಂಡಿ ಮಾಡುವುದು ನಿಲ್ಲಿಸಿ’ ಎಂದರೂ ಆಶ್ಚರ್ಯವಿಲ್ಲ! ಬೀಜ ಕೊಂಡದ್ದು ಎಣ್ಣೆಯ ಆಸೆಗೆ. ದುಡ್ಡು ತರುವ ಸರಕಿಗೆ ಕಡಿಮೆ ವೆಚ್ಚ, ತೂಕ ಮಾತ್ರ ಇರುವ ಸರಕಿಗೆ ಹೆಚ್ಚು ವೆಚ್ಚ ಹೊರಿಸಿದರೆ ಪುಸ್ತಕದಲ್ಲಿ ಒಂದು ಕಳ್ಳ ಲಾಭ, ಇನ್ನೊಂದು ಕಳ್ಳ ನಷ್ಟ ಹುಟ್ಟುತ್ತವೆ.

ತೂಕದ ದಾರಿ ಎಲ್ಲೆಡೆಯೂ ಕೆಟ್ಟದ್ದಲ್ಲ. ಹೊರಬರುವ ಸರಕುಗಳ ಕಿಲೋ ಬೆಲೆ ಹತ್ತಿರಹತ್ತಿರ ಇದ್ದರೆ ತೂಕವೋ ಲೀಟರೋ ಸಾಕು, ಶ್ರಮವೂ ಕಡಿಮೆ. ತೂಕಕ್ಕಿಂತ ಒಳಗಿನ ಸತ್ವ ಮುಖ್ಯವಾದಲ್ಲಿ ಸತ್ವವನ್ನೇ ಅಳೆಯಬಹುದು. ಡೇರಿಗೆ ಹಾಲು ಹಾಕುವ ಯಾವ ರೈತರಿಗೂ ಇದನ್ನು ಹೊಸದಾಗಿ ಹೇಳಬೇಕಿಲ್ಲ, ಅವರ ಹಾಲಿಗೆ ದರ ಬೀಳುವುದೇ ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಮೇಲೆ. ಅದೇ ಅಳತೆಯಲ್ಲಿ ಹಾಲಿನ ವೆಚ್ಚವನ್ನು ಕೆನೆಗೂ ಕೆನೆ ತೆಗೆದ ಹಾಲಿಗೂ ಹಂಚಿದರೆ ಬರೀ ಲೀಟರಿನ ಲೆಕ್ಕಕ್ಕಿಂತ ಎಷ್ಟೋ ವಾಸಿ. ಕಾಫಿಯಲ್ಲಿ ಮಾತ್ರ ತೂಕ ಕೈಕೊಡುತ್ತದೆ. ಒಂದೇ ಮೂಟೆಯಿಂದ ಬಂದ ಎ ದರ್ಜೆಗೂ ಒಡಕಲು ಕಾಳಿಗೂ ಕಿಲೋಗೆ ಒಂದೇ ಅಸಲು ಬರೆದರೆ, ಒಡಕಲು ಕಾಳು ಸದಾ ನಷ್ಟದಲ್ಲೇ ಕಾಣುತ್ತದೆ.

ಗಾಣಕ್ಕೆ ಸರಿಹೊಂದುವುದು ಮಾರಾಟ ಮೌಲ್ಯದ ಹಂಚಿಕೆ. ಒಟ್ಟು ₹1,58,400ರಲ್ಲಿ ಎಣ್ಣೆಯದು ಶೇ. 85.86, ಹಿಂಡಿಯದು ಶೇ. 14.14. ಜಂಟಿ ವೆಚ್ಚವನ್ನೂ ಅದೇ ಪ್ರಮಾಣದಲ್ಲಿ ಒಡೆದರೆ ಎಣ್ಣೆಗೆ ₹1,13,333, ಹಿಂಡಿಗೆ ₹18,667. ಅಂದರೆ ಕಿಲೋ ಎಣ್ಣೆಯ ಅಸಲು ₹283.33, ಹಿಂಡಿಯದು ₹33.33. ಎರಡರಲ್ಲೂ ಮಾರಾಟದ ಆರನೇ ಒಂದು ಭಾಗ ಲಾಭ. ದುಡಿಯುವ ಶಕ್ತಿ ಹೆಚ್ಚಿದ್ದವರ ಹೆಗಲಿಗೆ ಹೆಚ್ಚು ಭಾರ ಎಂಬ ನ್ಯಾಯ ಇದರ ಹಿಂದಿದೆ.

ಬಿಡಿ ಎಣ್ಣೆಗೆ ಮಾರುಕಟ್ಟೆಯೇ ಇಲ್ಲದೆ ಎಲ್ಲವನ್ನೂ ಬಾಟಲಿಯಲ್ಲೇ ಮಾರುವವರು ಹಿಂದಕ್ಕೆ ಲೆಕ್ಕ ಹಾಕಬೇಕು. 400 ಕಿಲೋ ಎಣ್ಣೆ ಸುಮಾರು 440 ಲೀಟರ್. ಲೀಟರಿಗೆ ₹370ರಂತೆ ₹1,62,800. ಬಾಟಲಿ, ಲೇಬಲ್, ಸಾಗಣೆ, ಅಂಗಡಿಯ ಕಮಿಷನ್ ಎಂದು ಲೀಟರಿಗೆ ₹40, ಒಟ್ಟು ₹17,600. ಕಳೆದರೆ ₹1,45,200. ಇದೇ ಎಣ್ಣೆಯ ನಿವ್ವಳ ವಸೂಲಿ ಮೌಲ್ಯ. ಹಿಂಡಿಯ ₹22,400 ಸೇರಿಸಿ, ಈ ಎರಡರ ಪ್ರಮಾಣದಲ್ಲಿ ₹1,32,000 ಒಡೆದರೆ ಎಣ್ಣೆಗೆ ₹1,14,358, ಹಿಂಡಿಗೆ ₹17,642. ಎಲ್ಲ ಸರಕಿಗೂ ಒಂದೇ ಶೇಕಡಾ ಲಾಭ ಬರುವಂತೆ ಹಂಚುವ ಇನ್ನೊಂದು ಪದ್ಧತಿಯೂ ಪಠ್ಯಪುಸ್ತಕದಲ್ಲಿದೆ. ಪರೀಕ್ಷೆಗೆ ಕೂರುವವರು ಓದಿಕೊಳ್ಳಲಿ, ಗಾಣದವರಿಗೆ ಅದರ ಹಂಗಿಲ್ಲ.

ಯಾವ ದಿನದ ದರ ಹಾಕಬೇಕು? ದರ ಏರಿಳಿಯುವ ಸರಕಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ತಿಂಗಳ ಸರಾಸರಿ ದರ ಹಿಡಿಯುವುದು ವಾಸಿ. ಯಾವುದನ್ನು ಹಿಡಿದರೂ ವರ್ಷದ ಮೊದಲೇ ತೀರ್ಮಾನಿಸಿ ಬರೆದಿಡಿ. ಫಲಿತಾಂಶ ನೋಡಿಕೊಂಡು ದರ ಆರಿಸುವುದು ಲೆಕ್ಕವಲ್ಲ, ಅಲಂಕಾರ. ಮತ್ತೂ ಒಂದು ಮಾತು: ಮಾರಾಟ ಮೌಲ್ಯದಿಂದ ಬಂದ ಅಸಲನ್ನು ಮುಂದಿಟ್ಟುಕೊಂಡು ಮಾರಾಟದ ಬೆಲೆ ನಿಗದಿ ಮಾಡಲು ಹೋಗಬೇಡಿ. ಬೆಲೆಯಿಂದ ಅಸಲು, ಅಸಲಿನಿಂದ ಬೆಲೆ ಎಂದು ಗಾಣದೆತ್ತಿನ ಹಾಗೆ ಅಲ್ಲೇ ಸುತ್ತುತ್ತೀರಿ.

ಹಿಂಡಿ ದುಡ್ಡು ಕಳೆಯುವವರು

ನಮ್ಮ ಗಾಣದವರು ನಿಜವಾಗಿ ಮಾಡುವುದು ಮೇಲಿನ ಯಾವುದನ್ನೂ ಅಲ್ಲ. ₹1,32,000ರಲ್ಲಿ ಹಿಂಡಿಯ ₹22,400 ಕಳೆದು, ಉಳಿದ ₹1,09,600ನ್ನು 400ರಿಂದ ಭಾಗಿಸಿ ‘ಎಣ್ಣೆ ಕಿಲೋಗೆ ₹274 ಬಿತ್ತು’ ಎನ್ನುತ್ತಾರೆ. ಇದು ಅಡ್ಡದಾರಿಯಲ್ಲ. ಹಿಂಡಿಯನ್ನು ಉಪ ಉತ್ಪನ್ನ ಎಂದು ಪರಿಗಣಿಸಿದರೆ ಲೆಕ್ಕಶಾಸ್ತ್ರ ಹೇಳುವುದೂ ಇದನ್ನೇ. ಉಪ ಉತ್ಪನ್ನದ ಮೌಲ್ಯ ಅಲ್ಪವಾಗಿದ್ದರೆ ಅದರ ನಿವ್ವಳ ವಸೂಲಿ ಮೌಲ್ಯವನ್ನು ಮುಖ್ಯ ಉತ್ಪನ್ನದ ವೆಚ್ಚದಿಂದ ಕಳೆಯಬಹುದು ಎಂದು ದಾಸ್ತಾನು ಕುರಿತ ಲೆಕ್ಕ ಮಾನದಂಡ ಇಂಡ್ ಎಎಸ್ 2 ಕೂಡ ಹೇಳುತ್ತದೆ. ಗಿರಾಕಿಯೇ ಬೀಜ ತಂದು ಅರೆಸಿಕೊಂಡು ಹೋಗುವ ಕೆಲವೆಡೆ ಕೂಲಿಯ ಬದಲು ಹಿಂಡಿಯನ್ನೇ ಗಾಣದವರಿಗೆ ಬಿಟ್ಟುಕೊಡುವ ರೂಢಿಯಿದೆ. ಅಲ್ಲಿ ಗಾಣದವರ ಪಾಲಿಗೆ ಹಿಂಡಿಯೇ ಸಂಪಾದನೆ.

ಅಲ್ಪ ಅಂದರೆ ಎಷ್ಟು? ಇಷ್ಟೇ ಶೇಕಡಾ ಎಂಬ ಗೆರೆಯನ್ನು ಯಾರೂ ಎಳೆದಿಲ್ಲ. ಗಸಿ ಮಾರಿ ಬರುವ ಪುಡಿಗಾಸು ಖಂಡಿತ ಅಲ್ಪ. ನೂರು ರೂಪಾಯಿಯಲ್ಲಿ ಹದಿನಾಲ್ಕು ರೂಪಾಯಿ ತರುವ ಹಿಂಡಿಯನ್ನು ನಾನಂತೂ ಜಂಟಿ ಉತ್ಪನ್ನ ಎಂದೇ ಕರೆಯುತ್ತೇನೆ. ಕಾರಣ ಸರಳ. ಕಳೆಯುವ ಪದ್ಧತಿಯಲ್ಲಿ ಹಿಂಡಿಯ ದರ ಏರಿಳಿದಾಗಲೆಲ್ಲ ಎಣ್ಣೆಯ ಅಸಲು ಕುಣಿಯುತ್ತದೆ. ಹಿಂಡಿ ₹40ರಿಂದ ₹30ಕ್ಕೆ ಇಳಿಯಿತೆನ್ನಿ, ಎಣ್ಣೆಯ ಅಸಲು ₹274ರಿಂದ ₹288ಕ್ಕೆ ಏರುತ್ತದೆ, ಎಣ್ಣೆಗೆ ಏನೂ ಆಗದೆಯೇ. ತಿಂಗಳಿಗೊಮ್ಮೆ ದರ ಪರಿಷ್ಕರಿಸುವ ಸಣ್ಣ ಗಾಣಕ್ಕೆ ಇದು ನಡೆದೀತು. ರೈತ ಉತ್ಪಾದಕರ ಕಂಪನಿಯೊಂದು ಸದಸ್ಯರಿಗೆ ಲೆಕ್ಕ ಒಪ್ಪಿಸಬೇಕಾದಾಗ ಈ ಕುಣಿತವನ್ನು ವಿವರಿಸುವುದು ಕಷ್ಟ.

ಹಂಚಿದ ಅಂಕಿ ಕೈಕೊಡುವ ಜಾಗ

ಈ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ.

ಬೆಂಗಳೂರಿನ ತಾರಸಿ ತೋಟದವರಿಗೆ ಕಡಲೆಹಿಂಡಿ ಪುಡಿ ಒಳ್ಳೆಯ ಗೊಬ್ಬರ. ಹಿಂಡಿಯನ್ನು ಪುಡಿ ಮಾಡಿ, ಕಿಲೋ ಪೊಟ್ಟಣದಲ್ಲಿ ಮಾರೋಣವೇ ಎಂದು ನೀವು ಯೋಚಿಸುತ್ತಿದ್ದೀರಿ. ಪೊಟ್ಟಣಕ್ಕೆ ₹80 ಸಿಗುತ್ತದೆ. ಪುಡಿ ಮಾಡುವುದು, ಪ್ಯಾಕಿಂಗ್, ಸಾಗಣೆಗೆ ₹30 ಹೆಚ್ಚುವರಿ ಖರ್ಚು.

ತೂಕದ ಲೆಕ್ಕ ಇಟ್ಟವರು ₹137.50ಕ್ಕೆ ₹30 ಸೇರಿಸಿ, ಅಸಲೇ ₹167.50, ಮಾರುವುದು ₹80ಕ್ಕೆ ಎಂದು ಕೈಬಿಡುತ್ತಾರೆ. ಮಾರಾಟ ಮೌಲ್ಯದ ಲೆಕ್ಕದವರು ₹33.33ಕ್ಕೆ ₹30 ಸೇರಿಸಿ, ₹63.33 ಅಸಲು, ₹16.67 ಲಾಭ ಎಂದು ಹಿಗ್ಗುತ್ತಾರೆ. ಎರಡೂ ತಪ್ಪು. ಹಿಂಡಿ ಆಗಲೇ ಕಣ್ಣೆದುರಿಗಿದೆ, ಬೀಜಕ್ಕೂ ಕೂಲಿಗೂ ಕೊಟ್ಟ ದುಡ್ಡು ಯಾವ ತೀರ್ಮಾನ ಮಾಡಿದರೂ ವಾಪಸು ಬರುವುದಿಲ್ಲ. ಕೇಳಬೇಕಾದ್ದು ಇಷ್ಟೇ: ಹಾಗೇ ಮಾರಿದರೆ ₹40, ಪುಡಿ ಮಾಡಿ ಮಾರಿದರೆ ₹80. ಹೆಚ್ಚಿಗೆ ಬರುವುದು ₹40, ಹೆಚ್ಚಿಗೆ ಹೋಗುವುದು ₹30. ಕಿಲೋಗೆ ₹10 ಲಾಭ. ಮಾಡಿ.

ಈಗ ಪೊಟ್ಟಣದ ಬೆಲೆ ₹65ಕ್ಕೆ ಇಳಿಯಿತು ಎನ್ನಿ. ಮಾರಾಟ ಮೌಲ್ಯದ ಹಾಳೆ ಇನ್ನೂ ₹1.67 ಲಾಭ ತೋರಿಸುತ್ತದೆ. ನಿಜದಲ್ಲಿ ₹25 ಹೆಚ್ಚು ಗಳಿಸಲು ₹30 ಸುರಿಯುತ್ತಿದ್ದೀರಿ, ಕಿಲೋಗೆ ₹5 ಕೈಬಿಟ್ಟು ಹೋಗುತ್ತಿದೆ. ಸರಿಯಾದ ಪದ್ಧತಿಯಲ್ಲೇ ಹಂಚಿದ ಅಂಕಿ ಕೂಡ ಇಲ್ಲಿ ದಾರಿ ತಪ್ಪಿಸುತ್ತದೆ. ಕಾರಣ, ಹಂಚಿದ ವೆಚ್ಚ ಉತ್ತರ ಕೊಡುವ ಪ್ರಶ್ನೆಯೇ ಬೇರೆ. ಉಳಿದ ಸರಕಿಗೆ ಪುಸ್ತಕದಲ್ಲಿ ಏನು ಬೆಲೆ ಬರೆಯಬೇಕು ಎಂಬುದಕ್ಕೆ ಮಾತ್ರ ಅದು ಉತ್ತರ. ಮುಂದೇನು ಮಾಡಬೇಕು ಎಂಬುದಕ್ಕಲ್ಲ.

ಎಣ್ಣೆಗೂ ಇದೇ ಅಳತೆ. ಬಿಡಿಯಾಗಿ ಮಾರಿದರೆ ₹1,36,000, ಬಾಟಲಿಯಲ್ಲಿ ₹1,62,800. ಹೆಚ್ಚಿಗೆ ₹26,800 ಬರುತ್ತದೆ, ₹17,600 ಹೋಗುತ್ತದೆ. ₹9,200 ಲಾಭ, ಬಾಟಲಿ ತುಂಬಿಸಿ. ಆದರೆ ಬಾಟಲಿ ಅಂಗಡಿಯಲ್ಲಿ ಎರಡು ತಿಂಗಳು ಕೂತು, ಆ ದುಡ್ಡಿಗೆ ನೀವು ಬಡ್ಡಿ ಕಟ್ಟುತ್ತಿದ್ದರೆ ಆ ಬಡ್ಡಿಯನ್ನೂ ಹೆಚ್ಚಿಗೆ ಹೋಗುವ ಸಾಲಿಗೆ ಸೇರಿಸಿ. ಇದನ್ನು ಮರೆಯುವವರೇ ಹೆಚ್ಚು.

ಇನ್ನು ಗಾಣವನ್ನು ನಡೆಸಬೇಕೋ ಮುಚ್ಚಬೇಕೋ, ಈ ದರಕ್ಕೆ ಬೀಜ ಕೊಳ್ಳಬೇಕೋ ಬೇಡವೋ ಎಂಬ ಪ್ರಶ್ನೆ. ಅದಕ್ಕೂ ಹಂಚಿಕೆ ಬೇಡ. ಎಲ್ಲ ಸರಕಿನ ಒಟ್ಟು ಆದಾಯ ಒಂದು ಕಡೆ, ಒಟ್ಟು ವೆಚ್ಚ ಇನ್ನೊಂದು ಕಡೆ ಇಟ್ಟು ನೋಡಿ. ಎಣ್ಣೆ ಒಂದರಲ್ಲೇ ಲಾಭವಿದೆಯೇ ಎಂದು ಕೇಳುವುದಕ್ಕೆ ಅರ್ಥವಿಲ್ಲ.

ಕಬ್ಬಿನ ಗದ್ದೆಯಲ್ಲಿ ಇದೇ ಜಗಳ

ಗಾಣದಲ್ಲಿ ಪುಸ್ತಕದ ಸಮಸ್ಯೆಯಾಗಿರುವುದು ಸಕ್ಕರೆ ಕಾರ್ಖಾನೆಯಲ್ಲಿ ರಾಜಕೀಯವಾಗುತ್ತದೆ. ಒಂದು ಟನ್ ಕಬ್ಬು ನುರಿದರೆ ಸುಮಾರು 100 ಕಿಲೋ ಸಕ್ಕರೆ, 40ರಿಂದ 45 ಕಿಲೋ ಕಾಕಂಬಿ, 300 ಕಿಲೋದಷ್ಟು ಒದ್ದೆ ಬಗಾಸೆ (ರಸ ಹಿಂಡಿದ ಸಿಪ್ಪೆ), 30–40 ಕಿಲೋ ಪ್ರೆಸ್‌ಮಡ್ (ರಸ ಸೋಸಿದಾಗ ಉಳಿಯುವ ಮಡ್ಡಿ) ಬರುತ್ತವೆ. ತೂಕದಲ್ಲಿ ಹಂಚಿದರೆ ಕಬ್ಬಿನ ದುಡ್ಡಿನ ಬಹುಪಾಲು ಬಗಾಸೆಯ ತಲೆಗೆ ಬೀಳುತ್ತದೆ, ಅಷ್ಟು ಧೈರ್ಯ ಯಾರೂ ಮಾಡಿಲ್ಲ. ಬಹುಕಾಲದಿಂದ ನಡೆದುಬಂದದ್ದು ಸಕ್ಕರೆಯೇ ಮುಖ್ಯ, ಉಳಿದವು ಉಪ ಉತ್ಪನ್ನ ಎಂಬ ಲೆಕ್ಕ. ರೈತರ ತಕರಾರು ಇರುವುದೂ ಅಲ್ಲೇ: ಬಗಾಸೆ ಉರಿಸಿ ವಿದ್ಯುತ್ ಮಾರುತ್ತೀರಿ, ಕಾಕಂಬಿಯಿಂದ ಎಥನಾಲ್ ಮಾರುತ್ತೀರಿ, ಕಬ್ಬಿನ ದರ ಮಾತ್ರ ಸಕ್ಕರೆ ಇಳುವರಿಯ ಮೇಲೆ ಕಟ್ಟುತ್ತೀರಲ್ಲ?

ಸಕ್ಕರೆ ಉದ್ಯಮದ ನಿಯಂತ್ರಣ ಕುರಿತ ಸಿ. ರಂಗರಾಜನ್ ಸಮಿತಿ 2012ರ ವರದಿಯಲ್ಲಿ ಇದಕ್ಕೊಂದು ಸೂತ್ರ ಕೊಟ್ಟಿತು. ಸಕ್ಕರೆ ಮತ್ತು ಮುಖ್ಯ ಉಪ ಉತ್ಪನ್ನಗಳ ಒಟ್ಟು ಮೌಲ್ಯದಲ್ಲಿ ಶೇ. 70 ರೈತರಿಗೆ, ಇಲ್ಲವೇ ಸಕ್ಕರೆ ಒಂದರ ಮೌಲ್ಯವನ್ನೇ ಹಿಡಿದರೆ ಶೇ. 75. ಗಮನಿಸಿ, ಇಲ್ಲಿ ವೆಚ್ಚ ಹಂಚುವ ಗೋಜೇ ಇಲ್ಲ, ಆದಾಯವನ್ನೇ ಹಂಚಲಾಗಿದೆ. ವೆಚ್ಚವನ್ನು ಒಡೆದು ನ್ಯಾಯ ಕಂಡುಕೊಳ್ಳಲು ಆಗದ ಕಡೆ ಇದು ಜಾಣ ದಾರಿ. ಕೇಂದ್ರ ಸರ್ಕಾರ ಕಬ್ಬಿಗೆ ಎಫ್‌ಆರ್‌ಪಿ (ನ್ಯಾಯಸಮ್ಮತ ಮತ್ತು ಲಾಭದಾಯಕ ದರ) ನಿಗದಿ ಮಾಡುವಾಗಲೂ ಕಾಕಂಬಿ, ಬಗಾಸೆ, ಪ್ರೆಸ್‌ಮಡ್ ಮಾರಿ ಬರುವ ಹಣವನ್ನು, ಮಾರದೆ ಸ್ವಂತಕ್ಕೆ ಬಳಸಿದ್ದರೆ ಅದರ ಅಂದಾಜು ಮೌಲ್ಯವನ್ನು ಪರಿಗಣಿಸಬೇಕೆಂದು ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ ‘ಅಂದಾಜು ಮೌಲ್ಯ’ ಬಲು ಮುಖ್ಯ. ತನ್ನದೇ ಬಾಯ್ಲರಿಗೆ ಹೋದ ಬಗಾಸೆಗೆ ಸೊನ್ನೆ ಬರೆದರೆ ಸಕ್ಕರೆ ವಿಭಾಗ ಬಡವಾಗಿ ಕಾಣುತ್ತದೆ, ವಿದ್ಯುತ್ ವಿಭಾಗ ಪುಕ್ಕಟೆ ಇಂಧನದಲ್ಲಿ ಮೆರೆಯುತ್ತದೆ. ಹಿಂಡಿಯನ್ನು ಸ್ವಂತ ಹಸುವಿಗೆ ಹಾಕುವ ಗಾಣದ ಯಜಮಾನರಿಗೂ ಇದೇ ಮಾತು. ಹಾಕಿದಷ್ಟನ್ನು ಪೇಟೆ ದರದಲ್ಲಿ ಬರೆದುಕೊಳ್ಳದಿದ್ದರೆ ಎಣ್ಣೆಯ ಅಸಲು ಹೆಚ್ಚಾಗಿಯೂ, ಹಾಲಿನ ಅಸಲು ಕಡಿಮೆಯಾಗಿಯೂ ಕಾಣುತ್ತದೆ.

ಉಪ ಉತ್ಪನ್ನ ಎಂಬ ಹಣೆಪಟ್ಟಿ ಶಾಶ್ವತವೂ ಅಲ್ಲ. ಸಕ್ಕರೆಯನ್ನು ಸಾಧ್ಯವಾದಷ್ಟೂ ಹಿಂಡಿ ತೆಗೆದ ಮೇಲೆ ಉಳಿಯುವುದು ಸಿ-ಹೆವಿ ಕಾಕಂಬಿ. ಒಂದಿಷ್ಟು ಸಕ್ಕರೆ ಉಳಿದಿರುವಾಗಲೇ ಬೇರ್ಪಡಿಸಿದ್ದು ಬಿ-ಹೆವಿ. ಬಿ-ಹೆವಿಯಿಂದ ಮಾಡಿದ ಎಥನಾಲ್‌ಗೆ 2018ರಲ್ಲಿ ಕೇಂದ್ರ ಪ್ರತ್ಯೇಕ, ಹೆಚ್ಚಿನ ದರ ಕೊಟ್ಟಿತು. ಬೇಕೆಂದೇ ಸಕ್ಕರೆ ಬಿಟ್ಟುಕೊಟ್ಟು ತೆಗೆಯುವ ಕಾಕಂಬಿಯನ್ನು ಇನ್ನೂ ‘ತಾನಾಗಿ ಉಳಿದದ್ದು’ ಎನ್ನಲಾಗದು, ಅದು ಸಕ್ಕರೆಯ ಜೊತೆ ಸಮನಾಗಿ ಕೂರುವ ಜಂಟಿ ಉತ್ಪನ್ನ. ನಿಮ್ಮಲ್ಲಿಯೂ ಯಾವುದೋ ಪಕ್ಕದ ಸರಕು ಹೀಗೆ ಬೆಳೆದಿದೆಯೇ ಎಂದು ವರ್ಷಕ್ಕೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಪುಸ್ತಕದಲ್ಲಿ ಬರೆಯುವುದು

ಕಂಪನಿ ಕಾಯ್ದೆ 2013ರ ಸೆಕ್ಷನ್ 148ರ ಅಡಿ ಸಕ್ಕರೆಯಂಥ ಕೆಲವು ಉದ್ಯಮಗಳು, ನಿಗದಿತ ವಹಿವಾಟು ದಾಟಿದರೆ, ವೆಚ್ಚದ ದಾಖಲೆ ಇಡಲೇಬೇಕು. ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ವಿನಾಯಿತಿ ಇದೆ. ಭಾರತೀಯ ಕಾಸ್ಟ್ ಅಕೌಂಟೆಂಟ್‌ಗಳ ಸಂಸ್ಥೆ ಜಂಟಿ ವೆಚ್ಚಕ್ಕೆಂದೇ ಸಿಎಎಸ್-19 ಎಂಬ ಮಾನದಂಡ ಪ್ರಕಟಿಸಿದೆ. ಇಂಡ್ ಎಎಸ್ 2 ಯಾವುದೋ ಒಂದೇ ಪದ್ಧತಿಯನ್ನು ಹೇರುವುದಿಲ್ಲ. ತರ್ಕಬದ್ಧವಾಗಿರಲಿ, ವರ್ಷದಿಂದ ವರ್ಷಕ್ಕೆ ಒಂದೇ ರೀತಿ ಇರಲಿ ಎನ್ನುತ್ತದೆ, ಮಾರಾಟ ಮೌಲ್ಯವನ್ನು ಉದಾಹರಣೆಯಾಗಿ ಕೊಡುತ್ತದೆ. ವಿನಾಯಿತಿ ಇದ್ದವರೂ ಅಷ್ಟನ್ನು ಪಾಲಿಸಿದರೆ ಆಡಿಟರ್ ಜೊತೆಗಿನ ಅರ್ಧ ವಾದ ತಪ್ಪುತ್ತದೆ.

ಪ್ರತಿ ಸಲ ಅರೆದಾಗ ಹಾಕಿದ ಬೀಜ, ಬಂದ ಎಣ್ಣೆ, ಬಂದ ಹಿಂಡಿ ಮೂರನ್ನೂ ತೂಗಿ ಬರೆಯಿರಿ. ಎಣ್ಣೆ ಲೀಟರಿನಲ್ಲಿ, ಹಿಂಡಿ ಕಿಲೋದಲ್ಲಿ ಬರೆಯುವ ಅಭ್ಯಾಸವಿದ್ದರೆ ಬಿಡಿ, ಎರಡೂ ಕಿಲೋದಲ್ಲಿರಲಿ. ಇಲ್ಲದಿದ್ದರೆ ನಷ್ಟ ಎಲ್ಲಿ ಸೋರಿತು ಎಂದು ಹುಡುಕಲು ಆಗುವುದಿಲ್ಲ. ಯಾವ ಪದ್ಧತಿ, ಯಾವ ದರ ಎಂಬುದು ಪುಸ್ತಕದ ಮೊದಲ ಪುಟದಲ್ಲೇ ಇರಲಿ.

ಮಾರ್ಚ್ 31ರಂದು 50 ಕಿಲೋ ಎಣ್ಣೆ, 100 ಕಿಲೋ ಹಿಂಡಿ ಉಳಿದಿದ್ದರೆ ಮಾರಾಟ ಮೌಲ್ಯದ ಲೆಕ್ಕದಲ್ಲಿ ಎಣ್ಣೆಗೆ ₹14,167, ಹಿಂಡಿಗೆ ₹3,333 ಬರೆಯುತ್ತೀರಿ. ತೂಕದ ಲೆಕ್ಕದವರು ಎಣ್ಣೆಗೆ ₹6,875, ಹಿಂಡಿಗೆ ₹13,750 ಬರೆದಿರುತ್ತಾರೆ. ಆ ಹಿಂಡಿ ಪೇಟೆಯಲ್ಲಿ ಹೋಗುವುದು ₹4,000ಕ್ಕೆ ಮಾತ್ರ. ಅಸಲು ಮತ್ತು ನಿವ್ವಳ ವಸೂಲಿ ಮೌಲ್ಯ, ಎರಡರಲ್ಲಿ ಕಡಿಮೆಯದನ್ನೇ ಹಿಡಿಯಬೇಕೆಂಬ ನಿಯಮದಂತೆ ಅವರು ₹9,750 ಅಲ್ಲೇ ಹೊಡೆದುಹಾಕಬೇಕಾಗುತ್ತದೆ. ಸಾಲಕ್ಕಾಗಿ ಬ್ಯಾಂಕಿಗೆ ಕೊಡುವ ದಾಸ್ತಾನು ಪಟ್ಟಿಯಲ್ಲಿಯೂ ಇದೇ ಅಂಕಿ ಇರಬೇಕು. ಪುಸ್ತಕಕ್ಕೊಂದು, ಬ್ಯಾಂಕಿಗೊಂದು ಬೆಲೆ ಬರೆದರೆ ತಪಾಸಣೆಗೆ ಬಂದವರು ಮೊದಲು ಕೈಯಿಡುವುದೇ ಅಲ್ಲಿಗೆ.